ಕೋಣೆಯೊಳಗಿನ ಸೊಪ್ಪಿನ ಬೆಳೆ: ಕರೆಂಟ್ ಬಿಲ್ಲನ್ನೂ ಕರೆಂಟ್ ಹೋಗುವುದನ್ನೂ ನಿಭಾಯಿಸುವ ಬಗೆ

ಹೊಲದಲ್ಲಿ ಪುಕ್ಕಟೆಯಾಗಿ ಸಿಗುವ ಬಿಸಿಲು, ಗಾಳಿ ಮತ್ತು ಇರುಳಿನ ತಂಪನ್ನು ಕೋಣೆಯೊಳಗೆ ಬೆಳೆಯುವವರು ಯೂನಿಟ್ ಲೆಕ್ಕದಲ್ಲಿ ಕೊಂಡುಕೊಳ್ಳಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಮನೆಯ ಒಂದು ಕೋಣೆಯನ್ನೋ ಖಾಲಿ ಬಿದ್ದ ಗೋದಾಮನ್ನೋ ಹಿಡಿದು ಎಲ್‌ಇಡಿ ಬೆಳಕಿನಲ್ಲಿ ಲೆಟ್ಯೂಸ್, ತುಳಸಿಯ ಜಾತಿಯ ಬೇಸಿಲ್ ಮತ್ತು ಎಳೆ ಸಸಿಯಾಗಿರುವಾಗಲೇ ಕೊಯ್ಯುವ ಮೈಕ್ರೊಗ್ರೀನ್ಸ್ ಬೆಳೆಯಲು ಹೊರಟವರಲ್ಲಿ ಹಲವರು ಬೀಜ ಮತ್ತು ಗೊಬ್ಬರದ ಖರ್ಚನ್ನು ಪೈಸೆ ಪೈಸೆ ಲೆಕ್ಕ ಹಾಕಿ, ವಿದ್ಯುತ್ತಿನ ಖರ್ಚನ್ನು ಮಾತ್ರ ಮೊದಲ ಬಿಲ್ಲು ಬಂದ ಮೇಲೆ ನೋಡುತ್ತಾರೆ. ಈ ಬರಹ ಅಂಥವರಿಗಾಗಿ: ಎಷ್ಟು ಕರೆಂಟ್ ಬೇಕು, ಅದನ್ನು ಯಾವ ಹೊತ್ತಿನಲ್ಲಿ ಬಳಸಬೇಕು, ಹೋದಾಗ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಆರಲು ಬಿಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಮೊದಲೇ ಒಂದು ಎಚ್ಚರಿಕೆ ಹೇಳಬೇಕು. ಒಳಾಂಗಣ ಬೆಳಕಿನ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ದೊಡ್ಡ ಪಾಲು ಕೆನಡಾ ಮತ್ತು ಅಮೆರಿಕದ ಗಾಂಜಾ ಬೆಳೆಗಾರರದು. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಗಾಂಜಾ ಕಾನೂನುಬದ್ಧ. ಹೆಚ್ಚಿನ ಪ್ರಾಂತ್ಯಗಳಲ್ಲಿ ಒಂದು ಮನೆಗೆ ನಾಲ್ಕು ಗಿಡ ಬೆಳೆಯಬಹುದು. ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅದೇ ಕೆಲಸ ಜೈಲಿಗೆ ದಾರಿ. ಕಾನೂನಿನ ಮಾತು ಹಾಗಿರಲಿ, ನಮಗೆ ಇಲ್ಲಿ ಮುಖ್ಯವಾದದ್ದು ಬೆಳಕಿನ ಲೆಕ್ಕ. ಆ ಗಿಡ ಹೂ ಬಿಡುವ ಹಂತದಲ್ಲಿ ಬೇಡುವ ಬೆಳಕಿನ ತೀವ್ರತೆ ಲೆಟ್ಯೂಸಿಗೆ ಬೇಕಾದದ್ದರ ಮೂರು ನಾಲ್ಕು ಪಟ್ಟು. ಅವರಿಗೆಂದು ತಯಾರಾದ ದೀಪವನ್ನು ತಂದು ಸೊಪ್ಪಿನ ಮೇಲೆ ತೂಗುಹಾಕಿದರೆ ಎಲೆಯ ಅಂಚು ಸುಡುತ್ತದೆ, ಬಿಲ್ಲು ಏರುತ್ತದೆ, ಇಳುವರಿ ಮಾತ್ರ ಅದಕ್ಕೆ ತಕ್ಕಂತೆ ಏರುವುದಿಲ್ಲ.

ಬೆಳಕಿನ ಲೆಕ್ಕ

ಗಿಡಕ್ಕೆ ಬೇಕಾದ ಬೆಳಕನ್ನು ವ್ಯಾಟ್‌ನಲ್ಲಿ ಅಳೆಯುವುದು ತಪ್ಪು. ಪ್ರತಿ ಸೆಕೆಂಡಿಗೆ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ, ಗಿಡ ಬಳಸಬಲ್ಲ ಬೆಳಕಿನ ಪ್ರಮಾಣವನ್ನು ಮೈಕ್ರೊಮೋಲ್‌ಗಳಲ್ಲಿ ಅಳೆಯುತ್ತಾರೆ. ಇದಕ್ಕೆ ಪಿಪಿಎಫ್‌ಡಿ ಎಂದು ಹೆಸರು. ದಿನವಿಡೀ ಬಿದ್ದದ್ದನ್ನು ಕೂಡಿಸಿದರೆ ಬರುವುದು ಡಿಎಲ್‌ಐ. ಲೆಟ್ಯೂಸಿಗೆ ದಿನಕ್ಕೆ ಸುಮಾರು 12ರಿಂದ 17 ಮೋಲ್ ಸಾಕು. 200 ಮೈಕ್ರೊಮೋಲ್ ತೀವ್ರತೆಯಲ್ಲಿ 16 ಗಂಟೆ ದೀಪ ಉರಿಸಿದರೆ 11.5 ಮೋಲ್ ಸಿಗುತ್ತದೆ, ಅಂದರೆ ಕೆಳಗಿನ ಮಿತಿಯ ಹತ್ತಿರ. ಮೈಕ್ರೊಗ್ರೀನ್ಸಿಗೆ ಇದಕ್ಕಿಂತಲೂ ಕಡಿಮೆ ಸಾಕು. ಮೊಳಕೆಯೊಡೆಯುವ ಮೊದಲ ಮೂರು ನಾಲ್ಕು ದಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಕತ್ತಲಲ್ಲಿಯೇ ಇಡುವುದರಿಂದ ಆ ದಿನಗಳಿಗೆ ಬೆಳಕಿನ ಖರ್ಚೇ ಇಲ್ಲ.

ದೀಪ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ, ಒಂದು ಜೌಲ್ ವಿದ್ಯುತ್ತಿಗೆ ಅದು ಎಷ್ಟು ಮೈಕ್ರೊಮೋಲ್ ಬೆಳಕು ಕೊಡುತ್ತದೆ ಎಂಬುದು. ಒಳ್ಳೆಯ ದೀಪಗಳು 2.5ರಿಂದ 3ರವರೆಗೆ ಕೊಡುತ್ತವೆ. ಗುಲಾಬಿ ನೇರಳೆ ಬಣ್ಣದಲ್ಲಿ ಹೊಳೆಯುವ ಅಗ್ಗದ ಪಟ್ಟಿಗಳಲ್ಲಿ 1.6ರ ಆಸುಪಾಸಿನವು ಸಾಕಷ್ಟು ಇವೆ, ಕೆಲವದರ ಪೆಟ್ಟಿಗೆಯ ಮೇಲೆ ಈ ಸಂಖ್ಯೆಯನ್ನು ಅಚ್ಚು ಹಾಕಿರುವುದೇ ಇಲ್ಲ. ಸಂಖ್ಯೆ ಇಲ್ಲದ ದೀಪವನ್ನು ಕೊಳ್ಳದಿರುವುದೇ ಲೇಸು. ಒಂದು ಚದರ ಮೀಟರಿಗೆ 200 ಮೈಕ್ರೊಮೋಲ್ ಬೀಳಬೇಕಾದರೆ ಮೊದಲ ಬಗೆಯ ದೀಪಕ್ಕೆ 80 ವ್ಯಾಟ್, ಎರಡನೆಯದಕ್ಕೆ 125 ವ್ಯಾಟ್ ಬೇಕು. ದಿನಕ್ಕೆ 16 ಗಂಟೆಯಂತೆ ತಿಂಗಳಿಗೆ ಅದು ಕ್ರಮವಾಗಿ 38 ಮತ್ತು 60 ಯೂನಿಟ್ ಆಗುತ್ತದೆ. ದೀಪದ ಬೆಲೆಯಲ್ಲಿ ಉಳಿಸಿದ ಹಣ ಎಷ್ಟು ತಿಂಗಳಲ್ಲಿ ಬಿಲ್ಲಿನ ಮೂಲಕ ಹೊರಟುಹೋಗುತ್ತದೆ ಎಂಬುದನ್ನು ಓದುಗರು ತಮ್ಮ ದರ ಹಾಕಿ ನೋಡಿಕೊಳ್ಳಬಹುದು.

ಈಗ ಒಂದು ನಿಜವಾದ ಕೋಣೆಯ ಲೆಕ್ಕ ನೋಡೋಣ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ. ಅದರಲ್ಲಿ ನಾಲ್ಕು ಅಂತಸ್ತಿನ ಎರಡು ರ‍್ಯಾಕು. ಪ್ರತಿ ಅಂತಸ್ತು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ. ಒಟ್ಟು ಬೆಳೆಯುವ ಜಾಗ ಸುಮಾರು ಆರು ಚದರ ಮೀಟರ್. ಬೆಳಕಿನಲ್ಲಿ ಒಂದಷ್ಟು ಪಕ್ಕಕ್ಕೆ ಸೋರಿಹೋಗುವುದನ್ನು ಸೇರಿಸಿ ದೀಪಗಳಿಗೆ 600 ವ್ಯಾಟ್ ಎಂದಿಟ್ಟುಕೊಂಡರೆ ತಿಂಗಳಿಗೆ 288 ಯೂನಿಟ್ ಬೇಕು. 30 ವ್ಯಾಟಿನ ಎರಡು ಫ್ಯಾನುಗಳು ದಿನವಿಡೀ ತಿರುಗಿದರೆ 43 ಯೂನಿಟ್, ಮಣ್ಣಿಲ್ಲದೆ ನೀರಿನಲ್ಲೇ ಬೆಳೆಯುವ ಬೇರುಗಳಿಗೆ ನೀರು ಹರಿಸುವ 40 ವ್ಯಾಟಿನ ಪಂಪು ದಿನವಿಡೀ ಓಡಿದರೆ 29 ಯೂನಿಟ್ ಆಗುತ್ತದೆ. ಇಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ದೀಪ ತಿಂದ 600 ವ್ಯಾಟಿನಲ್ಲಿ ಗಿಡ ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುವುದು ತೀರಾ ಅಲ್ಪ. ಉಳಿದದ್ದೆಲ್ಲ ಕೊನೆಗೆ ಶಾಖವಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ಆ ಶಾಖವನ್ನು ಏಸಿ ಹೊರಹಾಕಲು, ಸರಿಸುಮಾರು ಅದರ ಮೂರನೇ ಒಂದು ಭಾಗದಷ್ಟು ವಿದ್ಯುತ್ತು ಮತ್ತೆ ಬೇಕು. ಅಂದರೆ ತಿಂಗಳಿಗೆ ಇನ್ನೂ 96 ಯೂನಿಟ್. ಒಟ್ಟು 456 ಯೂನಿಟ್; ಗೋಡೆ ಮತ್ತು ಛಾವಣಿಯ ಮೂಲಕ ಒಳಬರುವ ಬಿಸಿಲಿನ ಕಾವು ಇದಕ್ಕೆ ಸೇರಿಲ್ಲ. ಲೆಕ್ಕಕ್ಕೆಂದು ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೆ 3,648 ರೂಪಾಯಿ ಆಗುತ್ತದೆ.

ದೀಪದಲ್ಲಿ ಒಂದು ವ್ಯಾಟ್ ಉಳಿಸಿದರೆ ಬಿಲ್ಲಿನಲ್ಲಿ ಸುಮಾರು 1.33 ವ್ಯಾಟಿನಷ್ಟು ಉಳಿಯುತ್ತದೆ ಎಂಬುದು ಇದರಿಂದ ಸ್ಪಷ್ಟ. ಆದ್ದರಿಂದ ಮೊದಲು ಬೆಳಕು ಸೋರದಂತೆ ರ‍್ಯಾಕಿನ ಮೂರು ಬದಿಗೆ ಬಿಳಿಯ ಹಾಳೆ ಕಟ್ಟಬೇಕು, ದೀಪವನ್ನು ಎಲೆಗೆ ಎಷ್ಟು ಹತ್ತಿರ ತರಬಹುದೋ ಅಷ್ಟು ತರಬೇಕು, ಡಿಮ್ಮರ್ ಇರುವ ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟ್ ಒದಗಿಸುವ ಪೆಟ್ಟಿಗೆ) ಇದ್ದರೆ ಸಸಿಯ ಹಂತದಲ್ಲಿ ಬೆಳಕನ್ನು ತಗ್ಗಿಸಬೇಕು. ಡ್ರೈವರುಗಳನ್ನು ಕೋಣೆಯ ಹೊರಗೆ ಗೋಡೆಗೆ ಕೂರಿಸಿದರೆ ಅವುಗಳ ಶಾಖ ಏಸಿಯ ಪಾಲಿಗೆ ಬರುವುದಿಲ್ಲ. ಇವೆಲ್ಲ ಒಂದೇ ಸಲದ ಸಣ್ಣ ಖರ್ಚುಗಳು.

ಮೀಟರನ್ನೇ ಸಾಕ್ಷಿಯಾಗಿ ಇಟ್ಟುಕೊಳ್ಳುವುದು

ಪೆಟ್ಟಿಗೆಯ ಮೇಲೆ ಬರೆದ ವ್ಯಾಟಿಗೂ ದೀಪ ನಿಜವಾಗಿ ಎಳೆಯುವ ವ್ಯಾಟಿಗೂ ಅಜಗಜಾಂತರ ಇರುವುದುಂಟು. ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಕೊಂಡರೆ ಒಳ್ಳೆಯದು. ಕೊಳ್ಳದಿದ್ದರೂ ಮನೆಯ ಡಿಜಿಟಲ್ ಮೀಟರ್ ಸಾಕು. ಅದರ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಸಲ ಕೆಂಪು ದೀಪ ಮಿನುಗುತ್ತದೆ ಎಂಬುದನ್ನು ಬರೆದಿರುತ್ತಾರೆ. ಬಹಳಷ್ಟು ಮೀಟರುಗಳಲ್ಲಿ ಅದು 3200. ಮನೆಯ ಉಳಿದೆಲ್ಲ ಉಪಕರಣಗಳನ್ನು ಆರಿಸಿ ಬೆಳೆಯ ದೀಪಗಳನ್ನಷ್ಟೇ ಹಚ್ಚಿ ಒಂದು ನಿಮಿಷ ಎಣಿಸಬೇಕು. ನಿಮಿಷಕ್ಕೆ 32 ಸಲ ಮಿನುಗಿದರೆ 600 ವ್ಯಾಟ್. ನನ್ನ ಮೊದಲ ರ‍್ಯಾಕಿಗೆ 20 ವ್ಯಾಟ್ ಎಂದು ಹೇಳಿ ಕೊಟ್ಟಿದ್ದ ಪಟ್ಟಿಗಳು ಹೀಗೆ ಎಣಿಸಿದಾಗ 13 ವ್ಯಾಟ್ ಕೂಡ ಎಳೆಯುತ್ತಿರಲಿಲ್ಲ. ಸಸಿಗಳು ಕಡ್ಡಿಯಂತೆ ಉದ್ದಕ್ಕೆ ಬೆಳೆದು ಬಾಗುತ್ತಿದ್ದ ಕಾರಣ ಆಗ ತಿಳಿಯಿತು. ಅಲ್ಲಿಯವರೆಗೆ ಬೀಜ ಸರಿಯಿಲ್ಲವೆಂದು ದೂರುತ್ತಿದ್ದೆ.

ತಿಂಗಳಿಗೊಮ್ಮೆ ಬಿಲ್ಲು ನೋಡುವ ಬದಲು ವಾರಕ್ಕೊಮ್ಮೆ, ಅದೇ ದಿನ ಅದೇ ಹೊತ್ತಿಗೆ ಮೀಟರಿನ ಅಂಕಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಒಂದು ವಾರ ದಿಢೀರನೆ ಹೆಚ್ಚಾದರೆ ಏಸಿಯ ಫಿಲ್ಟರ್ ಧೂಳು ಹಿಡಿದಿದೆ, ಬಾಗಿಲಿನ ಅಂಚು ಸೋರುತ್ತಿದೆ ಅಥವಾ ಟೈಮರ್ ಕೆಟ್ಟು ದೀಪ ಹಗಲೂ ಇರುಳೂ ಉರಿಯುತ್ತಿದೆ ಎಂದು ಅರ್ಥ.

ಯಾವ ಸಂಪರ್ಕ, ಯಾವ ದರ

ಕರ್ನಾಟಕದಲ್ಲಿ ದರವನ್ನು ನಿಗದಿಪಡಿಸುವುದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ; ಬಿಲ್ಲು ಕೊಡುವುದು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಮೈಸೂರಿನ ಸೆಸ್ಕ್. ಬಿಲ್ಲಿನಲ್ಲಿ ಎರಡು ದೊಡ್ಡ ಭಾಗಗಳಿರುತ್ತವೆ. ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ವಿಧಿಸುವ ನಿಗದಿತ ಶುಲ್ಕ ಒಂದು. ಬಳಸಿದ ಯೂನಿಟ್ಟಿನ ಶುಲ್ಕ ಇನ್ನೊಂದು. ಇವುಗಳ ಮೇಲೆ ಇಂಧನ ಹೊಂದಾಣಿಕೆ ಮತ್ತು ತೆರಿಗೆ ಸೇರುತ್ತವೆ. ನಿಗದಿತ ಶುಲ್ಕ ಬಳಸಿದರೂ ಬಳಸದಿದ್ದರೂ ಬರುವುದರಿಂದ, ಬೇಕಾದದ್ದಕ್ಕಿಂತ ಹೆಚ್ಚಿನ ಲೋಡನ್ನು ಮಂಜೂರು ಮಾಡಿಸಿಕೊಳ್ಳುವುದು ಪ್ರತಿ ತಿಂಗಳ ದಂಡ. ಕಡಿಮೆ ಮಂಜೂರು ಮಾಡಿಸಿಕೊಂಡು ಹೆಚ್ಚು ಎಳೆದರೂ ದಂಡವೇ.

ಇಲ್ಲಿ ಒಂದು ಸರಳ ಉಪಾಯವಿದೆ. ಗಿಡಕ್ಕೆ ಬೇಕಾದದ್ದು ದಿನದ ಒಟ್ಟು ಬೆಳಕು. ಅದನ್ನು 270 ಮೈಕ್ರೊಮೋಲಿನಲ್ಲಿ 12 ಗಂಟೆ ಕೊಟ್ಟರೂ ಸರಿ, 200ರಲ್ಲಿ 16 ಗಂಟೆ ಕೊಟ್ಟರೂ ಸರಿ, ಯೂನಿಟ್ ಹೆಚ್ಚುಕಡಿಮೆ ಒಂದೇ. ಎರಡನೆಯ ಕ್ರಮದಲ್ಲಿ ಮಾತ್ರ ಕಡಿಮೆ ದೀಪ ಸಾಕು, ಒಮ್ಮೆಗೇ ಬೀಳುವ ಲೋಡ್ ಕಡಿಮೆ, ತಣ್ಣಗಿರುವ ಎಲ್‌ಇಡಿಯ ಬಾಳಿಕೆ ಹೆಚ್ಚು, ಏಸಿಯೂ ಚಿಕ್ಕದು ಸಾಕು. ಲೆಟ್ಯೂಸ್ ಮತ್ತು ಬೇಸಿಲ್ ಇದನ್ನು ಸಂತೋಷದಿಂದ ಒಪ್ಪುತ್ತವೆ. ಕೊತ್ತಂಬರಿ ಒಪ್ಪುವುದಿಲ್ಲ, ದೀರ್ಘ ಹಗಲು ಕಂಡರೆ ಅದು ಎಲೆ ಬಿಟ್ಟು ಬೇಗ ಹೂವಿಗೆ ಹೊರಡುತ್ತದೆ.

ಮನೆಯ ಸಂಪರ್ಕದಲ್ಲಿಯೇ ಬೆಳೆಯುವವರು ಎರಡು ವಿಷಯ ತಿಳಿದಿರಬೇಕು. ಮೊದಲನೆಯದು ಗೃಹಜ್ಯೋತಿ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನು ಕಟ್ಟಬೇಕು. ತಿಂಗಳಿಗೆ 150 ಯೂನಿಟ್ ಬಳಸಿ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಯವರು ಅಡುಗೆಗೆ ಸೊಪ್ಪು ಬೆಳೆಯೋಣವೆಂದು 150 ವ್ಯಾಟಿನ ದೀಪದ ಸಣ್ಣ ರ‍್ಯಾಕೊಂದನ್ನು ಇಟ್ಟರೆ 72 ಯೂನಿಟ್ ಹೆಚ್ಚಾಗಿ ಬಳಕೆ 222ಕ್ಕೆ ಏರುತ್ತದೆ. ಆಗ ಆ ಸೊಪ್ಪಿನ ಖರ್ಚು 72 ಯೂನಿಟ್ಟಿನದಲ್ಲ, 222 ಯೂನಿಟ್ಟಿನದು. ಎರಡನೆಯದು ಇನ್ನೂ ಗಂಭೀರ. ಮಾರಾಟಕ್ಕೆಂದು ಬೆಳೆಯುತ್ತ ಗೃಹಬಳಕೆಯ ದರದಲ್ಲಿ ಕಟ್ಟುತ್ತಿದ್ದರೆ ಅದನ್ನು ಅನಧಿಕೃತ ಬಳಕೆ ಎಂದು ಪರಿಗಣಿಸಿ, ಅನ್ವಯವಾಗಬೇಕಾಗಿದ್ದ ದರದ ಎರಡರಷ್ಟನ್ನು ವಿಧಿಸಲು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮು ಅವಕಾಶ ಕೊಡುತ್ತದೆ; ಯಾವಾಗಿನಿಂದ ಎಂಬುದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೂ ಲೆಕ್ಕ ಹಾಕಬಹುದು. ಹೊಲದ ಪಂಪ್‌ಸೆಟ್ಟಿಗೆ ಸರ್ಕಾರ ಕೊಡುವ ಉಚಿತ ಕರೆಂಟಿನಿಂದ ಶೆಡ್ಡಿನ ದೀಪಕ್ಕೆ ವೈರ್ ಎಳೆಯುವುದೂ ಇದೇ ಸಾಲಿಗೆ ಸೇರುತ್ತದೆ. ಆಯೋಗದ ದರ ಆದೇಶದಲ್ಲಿ ಯಾವ ಚಟುವಟಿಕೆ ಯಾವ ವರ್ಗಕ್ಕೆ ಸೇರುತ್ತದೆ ಎಂಬ ಪಟ್ಟಿ ಇರುತ್ತದೆ. ವಾಣಿಜ್ಯದ ಎಲ್‌ಟಿ-3ಕ್ಕೂ ಕೈಗಾರಿಕೆಯ ಎಲ್‌ಟಿ-5ಕ್ಕೂ ದರದಲ್ಲಿ ವ್ಯತ್ಯಾಸವಿರುವುದರಿಂದ, ಮಾಡುವ ಕೆಲಸವನ್ನು ವಿವರವಾಗಿ ಬರೆದು ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಸಿಕ್ಕ ಉತ್ತರ ತಪಾಸಣೆಯ ದಿನ ನೆರವಿಗೆ ಬರುವುದಿಲ್ಲ.

ಗಿಡಕ್ಕೆ ಗಡಿಯಾರ ಗೊತ್ತಿಲ್ಲ

ಕಿಟಕಿ ಮುಚ್ಚಿದ ಕೋಣೆಯಲ್ಲಿ ಹಗಲು ಯಾವಾಗ ಎಂಬುದನ್ನು ನಿರ್ಧರಿಸುವವರು ನಾವು. ಒಳಾಂಗಣ ಬೆಳೆಗಾರರಿಗೆ ಇರುವ ಅತಿ ದೊಡ್ಡ ಅನುಕೂಲ ಇದೇ, ಬಹಳ ಮಂದಿ ಬಳಸದೆ ಬಿಡುವುದೂ ಇದನ್ನೇ. ಬೆಳಗ್ಗೆ ಆರಕ್ಕೆ ದೀಪ ಹಚ್ಚಿ ರಾತ್ರಿ ಹತ್ತಕ್ಕೆ ಆರಿಸುವವರು ದಿನದ ಅತಿ ಬಿಸಿಯಾದ ಹೊತ್ತನ್ನೂ, ಊರಿನವರೆಲ್ಲ ಒಟ್ಟಿಗೆ ಕರೆಂಟ್ ಬಳಸುವ ಸಂಜೆಯನ್ನೂ ತಾವಾಗಿ ಆರಿಸಿಕೊಂಡಂತೆ.

ಅದರ ಬದಲು ರಾತ್ರಿ ಹತ್ತಕ್ಕೆ ಹಚ್ಚಿ ಮರುದಿನ ಮಧ್ಯಾಹ್ನ ಎರಡಕ್ಕೆ ಆರಿಸಿದರೂ ಹದಿನಾರು ಗಂಟೆಯೇ ಆಗುತ್ತದೆ. ಕತ್ತಲ ಎಂಟು ಗಂಟೆ ಮಧ್ಯಾಹ್ನದ ಕಾವಿಗೂ ಸಂಜೆಯ ನೂಕುನುಗ್ಗಲಿಗೂ ಸರಿಯಾಗಿ ಹೊಂದಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಬೇಸಿಗೆಯ ಕೆಲವು ವಾರಗಳನ್ನು ಬಿಟ್ಟರೆ ನಡುರಾತ್ರಿಯ ಹೊರಗಾಳಿ ಲೆಟ್ಯೂಸ್ ಬಯಸುವ 20ರಿಂದ 24 ಡಿಗ್ರಿಯ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ತಣ್ಣಗೆ ಇರುತ್ತದೆ. ಆಗ ಏಸಿಯನ್ನು ಆರಿಸಿ, ಕೀಟ ಬರದಂತೆ ನೆಟ್ ಮತ್ತು ಫಿಲ್ಟರ್ ಕಟ್ಟಿದ ಎಕ್ಸಾಸ್ಟ್ ಫ್ಯಾನಿನಿಂದಲೇ ದೀಪದ ಶಾಖವನ್ನು ಹೊರದಬ್ಬಬಹುದು. ಮಂಗಳೂರು ಉಡುಪಿಯವರಿಗೆ ಈ ಸಲಹೆ ಅಷ್ಟಾಗಿ ಒಗ್ಗದು. ಅಲ್ಲಿನ ರಾತ್ರಿಯ ಗಾಳಿಯಲ್ಲಿ ತೇವ ಎಷ್ಟಿರುತ್ತದೆಯೆಂದರೆ ಅದನ್ನು ಒಳಗೆ ಬಿಟ್ಟರೆ ಎಲೆಯ ಅಂಚು ಕಂದುವುದೂ ಬೂಷ್ಟು ಹಿಡಿಯುವುದೂ ಶುರುವಾಗುತ್ತದೆ. ಕಲಬುರಗಿ ರಾಯಚೂರಿನ ಬೇಸಿಗೆಯಲ್ಲಿ ರಾತ್ರಿಯೂ ಕಾವಲಿಯೇ. ಆ ಭಾಗದವರು ಕೋಣೆಯ ಗಾಳಿಯನ್ನು ತಣಿಸುವುದಕ್ಕಿಂತ ಬೇರಿನ ನೀರನ್ನು ತಣಿಸುವುದಕ್ಕೆ ಹಣ ಹಾಕುವುದು ಮೇಲು. ನೀರು 20ರಿಂದ 22 ಡಿಗ್ರಿಯಲ್ಲಿದ್ದರೆ ಗಾಳಿ ಸ್ವಲ್ಪ ಬೆಚ್ಚಗಿದ್ದರೂ ಲೆಟ್ಯೂಸ್ ತಡೆದುಕೊಳ್ಳುತ್ತದೆ. ನೀರು ಬಿಸಿಯಾದರೆ ಬೇರು ಕೊಳೆಯುವ ರೋಗಕ್ಕೆ ಹಬ್ಬ.

ಹೊತ್ತಿಗೆ ತಕ್ಕ ದರದ ಮಾತೂ ಈಗ ಬಂದಿದೆ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕು, ಒತ್ತಡದ ಹೊತ್ತಿನ ದರ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಕನಿಷ್ಠ 1.2 ಪಟ್ಟು ಇರಬೇಕು. ತಮ್ಮ ಸಂಪರ್ಕದ ವರ್ಗಕ್ಕೆ ಅದು ಹೇಗೆ ಅನ್ವಯವಾಗುತ್ತದೆ, ಯಾವ ಗಂಟೆಗಳು ಯಾವ ಪಟ್ಟಿಗೆ ಸೇರುತ್ತವೆ ಎಂಬುದನ್ನು ಆಯೋಗದ ಚಾಲ್ತಿಯ ಆದೇಶದಲ್ಲಿ ನೋಡಿಕೊಂಡು ಟೈಮರ್ ಹೊಂದಿಸಬೇಕು. ಮೇಲೆ ಹೇಳಿದ ರಾತ್ರಿ ಹತ್ತರಿಂದ ಮಧ್ಯಾಹ್ನ ಎರಡರ ಕ್ರಮ ಸಂಜೆಯ ದುಬಾರಿ ಗಂಟೆಗಳನ್ನು ಪೂರ್ತಿ ತಪ್ಪಿಸಿ, ಬಿಸಿಲಿನ ಹೊತ್ತಿನ ಒಂದಷ್ಟು ಗಂಟೆಗಳನ್ನೂ ಹಿಡಿದುಕೊಳ್ಳುತ್ತದೆ. ಛಾವಣಿಯ ಮೇಲೆ ಸೋಲಾರ್ ಇರುವವರ ಲೆಕ್ಕ ಬೇರೆ; ಅದಕ್ಕೆ ಮುಂದೆ ಬರುತ್ತೇನೆ.

ಟೈಮರಿನ ಬಗ್ಗೆ ಒಂದು ಸಣ್ಣ ಮಾತು. ಹಲ್ಲುಚಕ್ರದ ಅಗ್ಗದ ಟೈಮರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ದಿನಕ್ಕೆ ಒಂದು ಗಂಟೆ ಕರೆಂಟ್ ಹೋಗುವ ಊರಿನಲ್ಲಿ ವಾರ ಕಳೆಯುವಷ್ಟರಲ್ಲಿ ನಿಮ್ಮ ರಾತ್ರಿ ಹತ್ತು ಗಂಟೆ ಬೆಳಗಿನ ಐದಾಗಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೊಳ್ಳಬೇಕು, ಮತ್ತು ಹಲವು ದೀಪಗಳಿದ್ದರೆ ಟೈಮರಿನಿಂದ ನೇರವಾಗಿ ಹಚ್ಚದೆ ನಡುವೆ ಹೆಚ್ಚು ಕರೆಂಟ್ ತಾಳಬಲ್ಲ ಸ್ವಿಚ್ಚಾದ ಕಾಂಟ್ಯಾಕ್ಟರ್ ಹಾಕಿಸಬೇಕು. ಎಲ್‌ಇಡಿ ಡ್ರೈವರುಗಳು ಹೊತ್ತಿಕೊಳ್ಳುವ ಕ್ಷಣದಲ್ಲಿ ಎಳೆಯುವ ಕರೆಂಟು ಟೈಮರಿನೊಳಗಿನ ಸಣ್ಣ ರಿಲೇಯನ್ನು ಕೆಲವೇ ತಿಂಗಳಲ್ಲಿ ಅಂಟಿಸಿಬಿಡುತ್ತದೆ.

ಕರೆಂಟ್ ಹೋದಾಗ

ಇನ್ವರ್ಟರ್ ಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಕೋಣೆಯ ಪ್ರತಿ ಉಪಕರಣದ ಹೆಸರು ಬರೆದು, ಅದು ನಿಂತರೆ ಎಷ್ಟು ಹೊತ್ತಿನ ಮೇಲೆ ಬೆಳೆಗೆ ಪೆಟ್ಟಾಗುತ್ತದೆ ಎಂದು ಎದುರಿಗೆ ಬರೆಯಬೇಕು. ಈ ಹಾಳೆ ಸಾವಿರಾರು ರೂಪಾಯಿ ಉಳಿಸುತ್ತದೆ.

ದೀಪ ನಾಲ್ಕಾರು ಗಂಟೆ ಆರಿದರೆ ಸೊಪ್ಪಿಗೆ ಏನೂ ಆಗುವುದಿಲ್ಲ. ಮೋಡ ಕವಿದ ದಿನವೆಂದು ತಿಳಿದು ಸುಮ್ಮನಿರುತ್ತದೆ. ಬೇಕಿದ್ದರೆ ಕಳೆದ ಗಂಟೆಗಳನ್ನು ಆ ದಿನವೇ ಮುಂದುವರಿಸಿ ಕೊಡಬಹುದು. ಏಸಿ ನಿಂತಾಗ ದೀಪವೂ ನಿಂತಿರುವುದರಿಂದ ಶಾಖದ ಮೂಲವೇ ಇರುವುದಿಲ್ಲ, ಕೋಣೆ ನಿಧಾನವಾಗಿ ಬಿಸಿಯಾಗುತ್ತದೆ. ಅಪಾಯವಿರುವುದು ಪಂಪಿನಲ್ಲಿ. ಪೈಪಿನ ತಳದಲ್ಲಿ ತೆಳುವಾಗಿ ನೀರು ಹರಿಸುವ ಎನ್‌ಎಫ್‌ಟಿ ಪದ್ಧತಿಯಲ್ಲಿ ಪಂಪು ನಿಂತ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಬಿಸಿ ಕೋಣೆಯ ಬೇರುಗಳು ಒಣಗತೊಡಗುತ್ತವೆ. ತೊಟ್ಟಿಯಲ್ಲಿ ಬೇರು ಮುಳುಗಿರುವ ಪದ್ಧತಿಯಲ್ಲಿ ಗಾಳಿಯ ಪಂಪು ನಿಂತರೂ ನೀರಿನಲ್ಲಿ ಕರಗಿದ ಆಮ್ಲಜನಕ ಹಲವು ಗಂಟೆ ನಡೆಸುತ್ತದೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ರೂಪಿಸಿದ ಪದ್ಧತಿಯಲ್ಲಂತೂ ಪಂಪೇ ಇಲ್ಲ. ನೀರು ಇಳಿದಂತೆ ಮೇಲಿನ ಬೇರು ಗಾಳಿಯನ್ನು, ಕೆಳಗಿನ ಬೇರು ನೀರನ್ನು ತೆಗೆದುಕೊಳ್ಳುತ್ತದೆ. ಕರೆಂಟ್ ನೆಚ್ಚಿಕೊಳ್ಳಲಾಗದ ಊರಿನಲ್ಲಿ ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ ನೇರವಾದದ್ದು: ಎನ್‌ಎಫ್‌ಟಿಯ ಬಿಳಿ ಪೈಪುಗಳ ಅಂದಕ್ಕೆ ಮರುಳಾಗಬೇಡಿ, ತೊಟ್ಟಿಯಲ್ಲಿ ಬೆಳೆಯಿರಿ.

ಹಾಳೆ ತಯಾರಾದ ಮೇಲೆ ಬ್ಯಾಟರಿಯ ಲೆಕ್ಕ ಸುಲಭ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್ ಇರುತ್ತದೆ. ಬ್ಯಾಟರಿಯ ಬಾಳಿಕೆ ಉಳಿಯುವಂತೆ, ಇನ್ವರ್ಟರಿನ ನಷ್ಟ ಕಳೆದು, ಕೈಗೆ ಸಿಗುವುದು ಸುಮಾರು ಒಂದು ಯೂನಿಟ್. 600 ವ್ಯಾಟಿನ ದೀಪಗಳನ್ನು ಅದಕ್ಕೆ ಜೋಡಿಸಿದರೆ ಒಂದೂವರೆ ಗಂಟೆಗೆ ಮುಗಿಯಿತು, ಆಮೇಲೆ ಪಂಪೂ ಇಲ್ಲ. ಪಂಪು, ಗಾಳಿಯ ಪಂಪು, ಒಂದು ಫ್ಯಾನ್ ಸೇರಿ 90 ವ್ಯಾಟನ್ನು ಮಾತ್ರ ಜೋಡಿಸಿದರೆ ಹನ್ನೊಂದು ಗಂಟೆ ನಡೆಯುತ್ತದೆ. ಆದ್ದರಿಂದ ವೈರಿಂಗ್ ಮಾಡಿಸುವಾಗಲೇ ಜೀವ ಉಳಿಸುವ ಸರ್ಕಿಟ್ಟನ್ನು ಬೇರೆ, ದೀಪ ಮತ್ತು ಏಸಿಯ ಸರ್ಕಿಟ್ಟನ್ನು ಬೇರೆ ಮಾಡಿಸಿ, ಮೊದಲನೆಯದನ್ನು ಮಾತ್ರ ಇನ್ವರ್ಟರಿಗೆ ಕೊಡಬೇಕು. ಇನ್ವರ್ಟರ್ ಸೈನ್ ವೇವ್ ಬಗೆಯದೇ ಆಗಿರಲಿ. ಸ್ಕ್ವೇರ್ ವೇವ್‌ನಲ್ಲಿ ಪಂಪಿನ ಮೋಟಾರ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಬ್ಯಾಟರಿಯನ್ನು ಬೆಳೆಯ ಕೋಣೆಯಲ್ಲಿ ಇಡಬಾರದು. ಅಲ್ಲಿನ ತೇವಕ್ಕೆ ಟರ್ಮಿನಲ್ಲುಗಳು ಬೇಗ ಹಸಿರುಗಟ್ಟುತ್ತವೆ, ಚಾರ್ಜ್ ಆಗುವಾಗ ಹೊರಬರುವ ಜಲಜನಕಕ್ಕೆ ಗಾಳಿಯಾಡುವ ಜಾಗವೂ ಬೇಕು.

ಜನರೇಟರ್ ಬೇಕೇ ಎಂದು ಕೇಳುವವರಿಗೆ ಒಂದು ಅಂದಾಜು: ಸಣ್ಣ ಡೀಸೆಲ್ ಜನರೇಟರ್ ಒಂದು ಲೀಟರಿಗೆ ಹೆಚ್ಚೆಂದರೆ ಮೂರು ಯೂನಿಟ್ ಕೊಡುತ್ತದೆ, ಅರ್ಧ ಲೋಡಿನಲ್ಲಿ ಇನ್ನೂ ಕಡಿಮೆ. ಆ ಬೆಲೆಯ ಕರೆಂಟಿನಲ್ಲಿ ಬೆಳಕು ಕೊಟ್ಟು ಬೆಳೆದ ಸೊಪ್ಪನ್ನು ಯಾವ ಹೋಟೆಲಿನವರೂ ಕೊಳ್ಳುವುದಿಲ್ಲ. ದೊಡ್ಡ ಗೋದಾಮಿನವರಿಗೆ ದಿನಗಟ್ಟಲೆ ಕರೆಂಟ್ ಹೋಗುವ ಸಂದರ್ಭಕ್ಕೆಂದು ಒಂದು ಇರಲಿ, ಆದರೆ ಅದು ಕಟ್ಟಡದ ಹೊರಗಿರಬೇಕು, ಮತ್ತು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ವೈರಿಂಗಿಗೆ ಜೋಡಿಸಲೇಬಾರದು. ಸ್ವಿಚ್ ಇಲ್ಲದೆ ಜೋಡಿಸಿದರೆ ನಿಮ್ಮ ಕರೆಂಟು ಹಿಂದಕ್ಕೆ ಹರಿದು, ಲೈನ್ ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನನ ಪ್ರಾಣಕ್ಕೇ ಎರವಾಗಬಹುದು.

ಹಳ್ಳಿಯಲ್ಲಿ ಶೆಡ್ ಕಟ್ಟುವವರು ಜಾಗ ಗೊತ್ತುಮಾಡುವ ಮೊದಲು ಆ ಜಾಗಕ್ಕೆ ಬರುವ ಲೈನ್ ಐಪಿ ಸೆಟ್ಟಿನ ಫೀಡರಿನದೋ, ಊರಿನ ಮನೆಗಳ ಫೀಡರಿನದೋ ಎಂದು ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಇವೆರಡನ್ನೂ ಬೇರ್ಪಡಿಸಿದ ಕಡೆ ಮನೆಗಳ ಫೀಡರಿಗೆ ದಿನದ ಹೆಚ್ಚಿನ ಹೊತ್ತು ಕರೆಂಟ್ ಇರುತ್ತದೆ. ಪಂಪ್‌ಸೆಟ್ಟಿನ ಫೀಡರಿಗೆ ತ್ರೀ ಫೇಸ್ ಬರುವುದು ಪಾಳಿಯಲ್ಲಿ, ಏಳು ಗಂಟೆಯ ಆಸುಪಾಸು. ನೂರು ಅಡಿ ಆಚೆಗಿನ ಕಂಬ ನಿಮ್ಮ ಇಡೀ ಬ್ಯಾಟರಿ ಖರ್ಚನ್ನು ಬದಲಿಸಬಹುದು. ಕರೆಂಟ್ ಹೋದ ಸುದ್ದಿ ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ನಮ್ಮ ರೈತರು ಬೋರ್‌ವೆಲ್ಲಿಗೆ ಹಾಕಿಸುವ, ಸಿಮ್ ಇರುವ ಮೊಬೈಲ್ ಸ್ಟಾರ್ಟರಿನಂಥದ್ದೇ ಎಚ್ಚರಿಕೆ ಸಾಧನವೊಂದನ್ನು ಯಾವುದೇ ಮೋಟಾರ್ ಅಂಗಡಿಯವರು ಹೊಂದಿಸಿ ಕೊಡುತ್ತಾರೆ. ಕರೆಂಟ್ ಹೋದರೆ, ಬಂದರೆ ಫೋನಿಗೆ ಕರೆ ಬರುತ್ತದೆ. ದೂರು ಕೊಡಲು ರಾಜ್ಯದ ಎಲ್ಲ ಎಸ್ಕಾಂಗಳಿಗೂ 1912 ಸಂಖ್ಯೆ. ಆರ್‌ಆರ್ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡಿರಿ.

ಕರೆಂಟ್ ಬಂದಾಗ

ಹೋದ ಕರೆಂಟಿಗಿಂತ ಬಂದ ಕರೆಂಟು ಮಾಡುವ ಹಾನಿಯೇ ಹೆಚ್ಚು. 230 ವೋಲ್ಟಿಗೆ ಶೇ 6ರಷ್ಟು ಆಚೀಚೆ, ಅಂದರೆ 216ರಿಂದ 244ರವರೆಗೆ, ಸಹಜವೆಂದು ಒಪ್ಪಿದ ಮಿತಿ. ಕಂಬದಲ್ಲೋ ಟಿಸಿಯಲ್ಲೋ ನ್ಯೂಟ್ರಲ್ ಸಡಿಲವಾದರೆ ಒಂದು ಫೇಸಿನ ಮನೆಗಳಲ್ಲಿ ವೋಲ್ಟೇಜ್ 300ನ್ನೂ ದಾಟಬಲ್ಲದು. ಒಂದು ಮಳೆಗಾಲದ ರಾತ್ರಿ ನಮ್ಮ ಬೀದಿಯಲ್ಲಿ ಹೀಗಾದಾಗ ನನ್ನ ಆರು ಡ್ರೈವರುಗಳು ಒಂದೇ ಕ್ಷಣದಲ್ಲಿ ಸತ್ತವು. ಪಕ್ಕದ ಮನೆಯ ಟಿವಿಯೂ ಹೋಯಿತು. ಹೆಚ್ಚು ಕಡಿಮೆ ವೋಲ್ಟೇಜಿನಲ್ಲಿ ತಾನಾಗಿ ಕಡಿದುಹಾಕುವ ರಿಲೇಯನ್ನು ಮೇನ್ ಬೋರ್ಡಿನಲ್ಲಿ ಕೂರಿಸಲು ಆಗುವ ಖರ್ಚು ಒಂದು ಡ್ರೈವರಿನ ಬೆಲೆಗೆ ಹತ್ತಿರ. ಅದರಲ್ಲಿಯೇ ಕರೆಂಟ್ ಬಂದ ಮೇಲೆ ಮೂರು ನಿಮಿಷ ಕಾಯುವ ವ್ಯವಸ್ಥೆ ಇದ್ದರೆ ಏಸಿಯ ಕಂಪ್ರೆಸರಿಗೂ ಒಳ್ಳೆಯದು. ದೀಪಗಳು ಒಟ್ಟಿಗೆ ಹೊತ್ತಿಕೊಂಡು ಎಂಸಿಬಿ ಬೀಳುತ್ತಿದ್ದರೆ ರ‍್ಯಾಕಿಗೊಂದರಂತೆ ಕೆಲವು ಸೆಕೆಂಡು ಬಿಟ್ಟು ಹೊತ್ತಿಕೊಳ್ಳುವಂತೆ ಹೊಂದಿಸಬೇಕು. ದೊಡ್ಡ ಎಂಸಿಬಿ ಹಾಕಿಸುವುದು ಪರಿಹಾರವಲ್ಲ. ವೈರ್ ಬಿಸಿಯಾಗುವುದನ್ನು ತಡೆಯಲೆಂದೇ ಎಂಸಿಬಿ ಇರುವುದು.

ನೀರೂ ಕರೆಂಟೂ ಒಂದೇ ಕೋಣೆಯಲ್ಲಿರುವುದರಿಂದ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದೆ ಒಂದು ದಿನವೂ ಬೆಳೆಯಬಾರದು. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ಪ್ಲಗ್ಗಿಗೆ ಬರುವ ವೈರ್ ಒಮ್ಮೆ ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವಂತಿರಲಿ. ವೈರಿನ ಗುಂಟ ಇಳಿದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ದಿನಕ್ಕೆ ಹದಿನಾರು ಗಂಟೆ ನಡೆಯುವ ಲೋಡನ್ನು ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ ಹಾಕುವುದು ಬೆಂಕಿಯನ್ನು ಕರೆದಂತೆ.

ಸೋಲಾರಿನ ಲೆಕ್ಕ

ಕರ್ನಾಟಕದಲ್ಲಿ ಛಾವಣಿಯ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಮೇಲಿನ ಕೋಣೆಗೆ ದಿನಕ್ಕೆ 15 ಯೂನಿಟ್ ಬೇಕಾದ್ದರಿಂದ ನಾಲ್ಕು ಕಿಲೋವ್ಯಾಟ್ ಬೇಕಾಗುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನವಿದೆ, ಆದರೆ ಅದು ಮನೆಗಳಿಗೆ ಮಾತ್ರ. ವ್ಯಾಪಾರದ ಸಂಪರ್ಕಕ್ಕೆ ಸಿಗುವುದಿಲ್ಲ. ಹೆಚ್ಚಾದ ಸೋಲಾರ್ ಕರೆಂಟನ್ನು ಗ್ರಿಡ್ಡಿಗೆ ಕೊಟ್ಟು ಬಿಲ್ಲಿನಲ್ಲಿ ಕಳೆದುಕೊಳ್ಳುವ ನೆಟ್ ಮೀಟರಿಂಗ್ ಇರುವವರಿಗೆ ದೀಪ ಯಾವ ಹೊತ್ತಿನಲ್ಲಿ ಉರಿದರೂ ಲೆಕ್ಕ ತಿಂಗಳ ಕೊನೆಗೆ ಸರಿಹೋಗುತ್ತದೆ, ಹಾಗಾಗಿ ತಂಪಿನ ರಾತ್ರಿಯನ್ನೇ ಬಳಸಬಹುದು. ಹಾಗೆ ಇಲ್ಲದವರು, ಅಂದರೆ ತಯಾರಾದದ್ದನ್ನು ಆಗಲೇ ಬಳಸಬೇಕಾದವರು, ದೀಪದ ಗಂಟೆಗಳನ್ನು ಹಗಲಿಗೆ ತಂದು ಏಸಿಯ ಹೆಚ್ಚುವರಿ ಹೊರೆಯನ್ನು ಸೋಲಾರಿನಿಂದಲೇ ತೂಗಿಸಿಕೊಳ್ಳಬೇಕು.

ಛಾವಣಿಗೆ ಪ್ಯಾನೆಲ್ ಬಂದರೆ ಕರೆಂಟ್ ಹೋದಾಗಲೂ ಚಿಂತೆಯಿಲ್ಲ ಎಂಬುದು ಬಹಳ ಜನರ ನಂಬಿಕೆ. ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ, ಲೈನ್‌ಮನ್ನನ ಸುರಕ್ಷತೆಗೆಂದು ತಾನೂ ನಿಲ್ಲುತ್ತದೆ; ನೆತ್ತಿಯ ಮೇಲೆ ಸುಡುವ ಬಿಸಿಲಿದ್ದರೂ ಪಂಪು ತಿರುಗುವುದಿಲ್ಲ. ಕರೆಂಟ್ ಹೋದಾಗಲೂ ನಡೆಯಬೇಕೆಂದರೆ ಬ್ಯಾಟರಿ ಸೇರಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಬೇಕು, ಅದನ್ನು ಕೊಟೇಷನ್ ಕೇಳುವ ಮೊದಲ ದಿನವೇ ಹೇಳಬೇಕು. ಪ್ಯಾನೆಲ್ ಹಾಕಿಸಿದ ಮೇಲೆ ಬದಲಿಸುವುದು ಎರಡನೆಯ ಖರ್ಚು. ಜೀವ ಉಳಿಸುವ 90 ವ್ಯಾಟಿನ ಸರ್ಕಿಟ್ಟಿಗೆ ಮೊದಲೇ ಬೇರೆ ಇನ್ವರ್ಟರ್ ಇದ್ದವರಿಗೆ ಈ ಹೈಬ್ರಿಡ್ಡಿನ ಅಗತ್ಯವೇ ಬೀಳದಿರಬಹುದು.